ಏಳಬಹುದಾದ ಕೆಲಸ, ಏಳಲಾಗದ ಕೆಲಸ

"ಹೆಂಗೂ ಮನೇಲೇ ಇರ್ತೀಯಲ್ಲ, ಮಗೂನ ಸ್ವಲ್ಪ ನೋಡ್ಕೊ." ಮನೆಯಿಂದ ಆಫೀಸು ಕೆಲಸ ಮಾಡುವ ಅಪ್ಪ ಅಮ್ಮಂದಿರ ಕಿವಿಗೆ ದಿನಕ್ಕೊಮ್ಮೆಯಾದರೂ ಬೀಳುವ ಮಾತಿದು. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಅತ್ತೆ ಸೊಪ್ಪು ತರಲು ಕೆಳಗಿಳಿಯಬೇಕು, ಗಂಡ ಸ್ನಾನಕ್ಕೆ ಹೋಗಬೇಕು. ಮಗು ಹಾಲ್‌ನಲ್ಲಿ ಆಡುತ್ತಿದೆ, ತಾಯಿ ನಾಲ್ಕು ಹೆಜ್ಜೆ ಆಚೆ ಲ್ಯಾಪ್‌ಟಾಪ್ ಮುಂದಿದ್ದಾಳೆ. ನೋಡುವವರಿಗೆ ಎರಡೂ ಒಟ್ಟಿಗೆ ನಡೆಯಬಲ್ಲ ಸಂಗತಿಗಳ ಹಾಗೇ ಕಾಣುತ್ತವೆ. ಒಂದು ಹೊತ್ತಿನಲ್ಲಿ ನಡೆದೂ ಬಿಡುತ್ತವೆ, ಇನ್ನೊಂದು ಹೊತ್ತಿನಲ್ಲಿ ಎರಡೂ ಕೈತಪ್ಪುತ್ತವೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ಬಹಳ ದಿನಗಳಿಂದ ಯೋಚಿಸುತ್ತಿದ್ದೇನೆ. ಮಗುವಿನ ಹಟ, ತಾಯಿಯ ಸಹನೆ, ಮನೆಯ ಅಳತೆ ಎಲ್ಲದಕ್ಕೂ ಇದರಲ್ಲಿ ಪಾಲಿದೆ, ನಿಜ. ಆದರೆ ಆ ಹೊತ್ತಿನಲ್ಲಿ ಕೈಯಲ್ಲಿರುವ ಕೆಲಸ ಎಂಥದ್ದು ಎಂಬುದೇ ಮುಖ್ಯ ಕಾರಣ ಅನ್ನುವುದು ನನ್ನ ತೀರ್ಮಾನ.

ಮನೆಯಲ್ಲಿ ಕೂತು ದುಡಿಯುವುದು ನಮ್ಮ ನಾಡಿಗೆ ಲ್ಯಾಪ್‌ಟಾಪ್ ತಂದುಕೊಟ್ಟ ರೂಢಿಯೇನಲ್ಲ. ದಕ್ಷಿಣ ಕನ್ನಡದ ಮನೆಗಳಲ್ಲಿ ಬೀಡಿ ಕಟ್ಟುತ್ತಾರೆ, ಮೈಸೂರು ಬೆಂಗಳೂರಿನ ಓಣಿಗಳಲ್ಲಿ ಊದುಬತ್ತಿ ಹೊಸೆಯುತ್ತಾರೆ, ಇಳಕಲ್ ಗುಳೇದಗುಡ್ಡದಲ್ಲಿ ಮಗ್ಗ ಮನೆಯೊಳಗೇ ಇದೆ. ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ತಾಯಿ ಮಗು ಅತ್ತರೆ ಅರ್ಧ ಸುತ್ತಿದ ಎಲೆಯನ್ನು ಅಲ್ಲೇ ಬಿಟ್ಟು ಏಳುತ್ತಾಳೆ, ಬಂದು ಮತ್ತೆ ಸುತ್ತುತ್ತಾಳೆ. ಆ ಬದುಕು ಸುಖದ್ದು ಎನ್ನುತ್ತಿಲ್ಲ. ಹೊಗೆಸೊಪ್ಪಿನ ದೂಳು ತಾಯಿ ಮಗು ಇಬ್ಬರ ಮೂಗಿಗೂ ಹೋಗುತ್ತದೆ, ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಎದ್ದುಹೋದ ಹೊತ್ತಿನ ನಷ್ಟ ಆಕೆಯ ಕೂಲಿಯಲ್ಲೇ ಕಳೆಯುತ್ತದೆ. ಆದರೂ ಅದು ನಡುವೆ ಏಳಬಹುದಾದ ಕೆಲಸ. ಎಂಟು ಜನ ಕಾಯುತ್ತಿರುವ ವಿಡಿಯೊ ಕಾಲ್ ಹಾಗಲ್ಲ. ಕಚೇರಿಯ ಕೆಲಸದಲ್ಲಿ ಈ ಎರಡೂ ಬಗೆ ಕಲಸಿಹೋಗಿವೆ, ಮನೆಯವರಿಗೆ ಮಾತ್ರ ಎಲ್ಲವೂ ಒಂದೇ ಥರ ಕಾಣುತ್ತದೆ: ಒಬ್ಬರು, ಒಂದು ಪರದೆ.

ಮೊದಲು ಕೆಲಸವನ್ನು ಬೇರ್ಪಡಿಸಿ

ಒಂದು ವಾರದ ಕ್ಯಾಲೆಂಡರ್ ತೆಗೆದು ಪ್ರತಿ ಕೆಲಸದ ಎದುರು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರ ನಡುವೆ ಹತ್ತು ನಿಮಿಷ ಎದ್ದುಹೋದರೆ ಏನಾಗುತ್ತದೆ? ಮೇಲ್‌ಗೆ ಉತ್ತರ, ಬಿಲ್ ಪರಿಶೀಲನೆ, ವರದಿಯ ತಿದ್ದುಪಡಿ, ಬೇರೆಯವರ ಕೋಡ್ ನೋಡುವುದು, ಕಡ್ಡಾಯ ತರಬೇತಿಯ ವಿಡಿಯೊ: ಏನೂ ಆಗುವುದಿಲ್ಲ. ಗ್ರಾಹಕರ ಜೊತೆ ಕಾಲ್, ಸಂದರ್ಶನ, ನೀವೇ ನಡೆಸಬೇಕಾದ ಮೀಟಿಂಗ್, ಹೊಸ ಆವೃತ್ತಿಯ ಬಿಡುಗಡೆ: ಏಳುವ ಹಾಗಿಲ್ಲ. ನಡುವೆ ಮೂರನೆಯದೊಂದಿದೆ, ತಲೆ ಪೂರ್ತಿ ಬೇಡುವ ಒಂಟಿ ಕೆಲಸ. ಕೋಡ್ ಬರೆಯುವುದು, ಲೆಕ್ಕ ತಾಳೆ ಹಾಕುವುದು, ಅನುವಾದ. ಇದರಿಂದ ಏಳಬಹುದು, ಆದರೆ ಮರಳಿ ಬಂದಾಗ ಎಲ್ಲಿದ್ದೆ ಎಂದು ಹುಡುಕುವುದರಲ್ಲೇ ಕಾಲು ಗಂಟೆ ಹೋಗುತ್ತದೆ. ಇದಕ್ಕೆ ಸುಲಭದ ಪರಿಹಾರ ಇದೆ. ಏಳುವ ಮುಂಚೆ ಮುಂದಿನ ಹೆಜ್ಜೆಯನ್ನು ಒಂದೇ ಸಾಲಿನಲ್ಲಿ ಆ ಫೈಲಿನಲ್ಲೇ ಬರೆದಿಡಿ. "42ನೇ ಸಾಲಿನ ಬಾಕಿ ಮಾರ್ಚ್ ಹಾಳೆಗೆ ಹೋಲಿಸಬೇಕು" ಅಷ್ಟು ಸಾಕು. ಮಗು ಕೂಗಿದ ಮೇಲೆ ಅದನ್ನು ಬರೆಯಲು ಹತ್ತು ಸೆಕೆಂಡು ಸಿಕ್ಕೇ ಸಿಗುತ್ತದೆ.

ಹೀಗೆ ವಿಂಗಡಿಸಿದರೆ ತಂಡವನ್ನು ನಡೆಸುವವರನ್ನು ಬಿಟ್ಟು ಉಳಿದ ಬಹುಪಾಲು ಜನರಿಗೆ ಏಳಲಾಗದ ಕೆಲಸ ದಿನಕ್ಕೆ ಎರಡು ಮೂರು ಗಂಟೆ ದಾಟುವುದಿಲ್ಲ. ಮಗುವನ್ನು ಇನ್ನೊಬ್ಬರು ನೋಡಿಕೊಳ್ಳಲೇಬೇಕಾದ ಗಂಟೆಗಳು ಇವೇ. ಇವುಗಳನ್ನು ದಿನವಿಡೀ ಚೆಲ್ಲಾಡಲು ಬಿಡದೆ ಒಟ್ಟುಗೂಡಿಸಿದರೆ ಅರ್ಧ ದಿನದ ಡೇಕೇರ್ ಅಥವಾ ಅಜ್ಜಿಯ ಒಂದು ಬೆಳಗು ಸಾಕಾಗುತ್ತದೆ. ಒಟ್ಟುಗೂಡದಿದ್ದರೆ ಎಂಟು ಗಂಟೆಯೂ ಯಾರಾದರೂ ಬೇಕು. ಆದ್ದರಿಂದ ಮ್ಯಾನೇಜರ್ ಹತ್ತಿರ ಮಾತಾಡುವಾಗ "ಮಗು ಇದೆ, ಸ್ವಲ್ಪ ಹೊಂದಾಣಿಕೆ ಬೇಕು" ಎಂದು ಹೇಳಬೇಡಿ, ಅದರಿಂದ ಅವರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ನನ್ನ ಮೀಟಿಂಗ್‌ಗಳು 10ರಿಂದ 1ರೊಳಗೆ ಬರಲಿ, ಸ್ಟ್ಯಾಂಡ್‌ಅಪ್‌ನಲ್ಲಿ ಮೊದಲು ಮಾತಾಡುವ ಸರದಿ ನನಗಿರಲಿ" ಎಂದು ಕೇಳಿ. ಸ್ಟ್ಯಾಂಡ್‌ಅಪ್ ಅಂದರೆ ತಂಡದವರೆಲ್ಲ ಸರದಿಯಂತೆ ಮಾತಾಡುವ ದಿನದ ಚಿಕ್ಕ ಮೀಟಿಂಗ್. ಮೊದಲು ಮಾತಾಡಿ ಮುಗಿಸಿದವರು ಉಳಿದದ್ದನ್ನು ಮ್ಯೂಟ್‌ನಲ್ಲಿ, ಮಗುವನ್ನು ಎತ್ತಿಕೊಂಡೇ ಕೇಳಬಹುದು.

ಇಲ್ಲಿ ಬಹಳ ಜನ ಉಲ್ಟಾ ಮಾಡುತ್ತಾರೆ. ಮಗು ಮಲಗಿದಾಗ ಕಾಲ್ ಇಟ್ಟುಕೊಳ್ಳುತ್ತಾರೆ, ಎಚ್ಚರವಿದ್ದಾಗ ಮೇಲ್ ನೋಡುತ್ತಾರೆ. ಮಗುವಿನ ನಿದ್ದೆಯಷ್ಟು ನೆಚ್ಚಿಕೊಳ್ಳಲಾಗದ್ದು ಇನ್ನೊಂದಿಲ್ಲ. ಆರು ತಿಂಗಳಿಂದ ಒಂದು ವರ್ಷದವರೆಗೆ ಹಗಲಲ್ಲಿ ಎರಡು ಮೂರು ನಿದ್ದೆ, ಒಂದೂವರೆ ವರ್ಷದ ಸುಮಾರಿಗೆ ಮಧ್ಯಾಹ್ನದ ಒಂದೇ ನಿದ್ದೆ, ಮೂರರಿಂದ ಐದರ ನಡುವೆ ಅದೂ ಬಿಟ್ಟುಹೋಗುತ್ತದೆ. ಹಲ್ಲು ಬರುವಾಗ, ನೆಗಡಿಯಾದಾಗ, ಕೆಳಮನೆಯವರು ಗೋಡೆ ಕೊರೆಸುವಾಗ ಒಂದೂವರೆ ಗಂಟೆಯ ನಿದ್ದೆ ಇಪ್ಪತ್ತೈದು ನಿಮಿಷಕ್ಕೆ ಮುಗಿಯುತ್ತದೆ. ನಿದ್ದೆಯ ಹೊತ್ತು ಮೂರನೆಯ ಬಗೆಯ ಕೆಲಸಕ್ಕಿರಲಿ, ತಲೆ ಬೇಡುವುದು, ಆದರೆ ಏಳಬಹುದಾದದ್ದು. ಏಳಲಾಗದ ಕೆಲಸವನ್ನು ಮಗು ಇನ್ನೊಬ್ಬ ದೊಡ್ಡವರ ಕೈಯಲ್ಲಿರುವ ಹೊತ್ತಿಗೆ ಬಿಟ್ಟು ಬೇರೆಲ್ಲೂ ಇಡಬೇಡಿ.

"ಐದು ನಿಮಿಷ"

ಪರಿಚಯದವರ ಮನೆಯಲ್ಲಿ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎರಡು ಕೋಣೆಯ ಮನೆ, ಊಟದ ಮೇಜೇ ಆಫೀಸು. ನಾಲ್ಕು ವರ್ಷದ ಹುಡುಗ ಚಿತ್ರ ಬರೆದು ತಂದು "ಅಮ್ಮಾ ನೋಡು" ಎಂದ. ಆಕೆ ಕಣ್ಣು ಪರದೆಯ ಮೇಲಿಟ್ಟೇ ಐದು ಬೆರಳು ಎತ್ತಿ ತೋರಿಸಿದಳು. ಹುಡುಗ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಮತ್ತೆ ಬಂದ, ಮತ್ತೆ ಐದು ಬೆರಳು. ಮೂರನೇ ಸಲ ಬಂದಾಗ ಅವನ ಕೈಯಲ್ಲಿ ಚಿತ್ರ ಇರಲಿಲ್ಲ. ನೇರ ಬಂದು ಕೀಬೋರ್ಡಿನ ಮೇಲೆ ಅಂಗೈ ಒತ್ತಿದ. ಆಮೇಲೆ ಗದರಿಕೆ, ಅಳು, ಆ ಕಡೆಯವರಿಗೆ ಕ್ಷಮೆ ಕೇಳುವುದು. ಆ ಮೀಟಿಂಗ್ ಮುಕ್ಕಾಲು ಗಂಟೆಯದು ಎಂದು ಅವಳಿಗೆ ಮೊದಲೇ ಗೊತ್ತಿತ್ತು.

ನಾಲ್ಕು ವರ್ಷದ ಮಗುವಿಗೆ ಐದು ನಿಮಿಷವೂ ನಲವತ್ತೈದು ನಿಮಿಷವೂ ಅಳತೆಗೆ ಸಿಗುವುದಿಲ್ಲ. ಅಮ್ಮ ಹೇಳಿದ ಮಾತಿಗೆ ಕೊನೆ ಇದೆಯೋ ಇಲ್ಲವೋ ಎಂಬುದು ಮಾತ್ರ ಬೇಗ ತಿಳಿಯುತ್ತದೆ. ತಾಯಿ ಆಫೀಸಿಗೆ ಹೋದಾಗ ಮಗು ಸ್ವಲ್ಪ ಅತ್ತು ಆಟಕ್ಕೆ ಹೊರಳುತ್ತದೆ, ಏಕೆಂದರೆ ಆಕೆ ಅಲ್ಲಿಲ್ಲ. ಕಣ್ಣೆದುರೇ ಇದ್ದು ಸಿಗದ ತಾಯಿಯನ್ನು ಮಗು ಕಾಯುತ್ತಲೇ ಇರುತ್ತದೆ, ಆಟಕ್ಕೂ ಮನಸ್ಸು ಹೋಗುವುದಿಲ್ಲ. ಆದ್ದರಿಂದ ಮನೆಯ ಯಾವ ಏರ್ಪಾಡಿಗೂ ಮೊದಲು ಇದನ್ನು ಸರಿಪಡಿಸಬೇಕು: ಸಿಗುವ ಹೊತ್ತು ಪೂರ್ತಿ ಸಿಗಬೇಕು, ಸಿಗದ ಹೊತ್ತು ಕಣ್ಣಿಗೆ ಬೀಳಬಾರದು, ನಡುವಿನ ಗೆರೆ ಮಗುವಿಗೆ ಕಾಣಬೇಕು.

ಆ ಗೆರೆ ಎಳೆಯುವ ವಿಧಾನ ವಯಸ್ಸಿನ ಮೇಲಿದೆ. ಮೂರರೊಳಗಿನ ಮಗುವಿಗೆ ಯಾವ ಗುರುತೂ ಉಪಯೋಗಕ್ಕೆ ಬಾರದು. ಮುಚ್ಚಿದ ಬಾಗಿಲು, ಬಾಗಿಲಾಚೆ ಇನ್ನೊಬ್ಬ ದೊಡ್ಡವರು, ಅಷ್ಟೇ ದಾರಿ. ನಾಲ್ಕೈದು ವರ್ಷಕ್ಕೆ ಗಡಿಯಾರ ಓದಲು ಬಾರದಿದ್ದರೂ ಮುಳ್ಳು ಸರಿಯುವುದು ಕಾಣುತ್ತದೆ. ಗೋಡೆ ಗಡಿಯಾರದ ಗಾಜಿನ ಮೇಲೆ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿ, "ಉದ್ದ ಮುಳ್ಳು ಬೊಟ್ಟು ಮುಟ್ಟಿದಾಗ ಬಾ" ಎಂದು ಹೇಳಿ. ಒಂದು ಗಂಟೆಯೊಳಗಿನ ಕೆಲಸಕ್ಕೆ ಮಾತ್ರ ಇದು ಸರಿಹೋಗುತ್ತದೆ, ಅದಕ್ಕಿಂತ ಉದ್ದವಾದರೆ ಮುಳ್ಳು ಎರಡು ಸಲ ಬಂದು ಮುಟ್ಟುತ್ತದೆ. ಬೊಟ್ಟನ್ನು ಮೀಟಿಂಗ್ ಮುಗಿಯುವ ಸಮಯಕ್ಕಿಂತ ಹತ್ತು ನಿಮಿಷ ಮುಂದಕ್ಕೆ ಅಂಟಿಸಿ, ಮೀಟಿಂಗ್‌ಗಳು ಹೊತ್ತಿಗೆ ಸರಿಯಾಗಿ ಮುಗಿಯುವುದು ಅಪರೂಪ. ಮುಳ್ಳು ಮುಟ್ಟಿದ ಮೇಲೆ ಏನೇ ಆಗಲಿ ಏಳಲೇಬೇಕು. ಎರಡು ಸಲ ತಪ್ಪಿದರೆ ಬೊಟ್ಟು ಗಾಜಿನ ಮೇಲಿನ ಚುಕ್ಕಿಯಷ್ಟೇ ಆಗುತ್ತದೆ. ಆರು ದಾಟಿದ ಮಕ್ಕಳಿಗೆ ಬಾಗಿಲಿಗೆ ಹಚ್ಚಿದ ಕಾಗದ ಸಾಕು: ಕೆಂಪು ಇದ್ದರೆ ರಕ್ತ, ಬೆಂಕಿ, ವಾಂತಿ ಬಿಟ್ಟು ಯಾವುದಕ್ಕೂ ಬರಬೇಡ, ಹಸಿರಿದ್ದರೆ ಯಾವುದಕ್ಕೆ ಬೇಕಾದರೂ ಬಾ. ದಿನವಿಡೀ ಕೆಂಪೇ ಇದ್ದರೆ ಅದಕ್ಕೂ ಬೆಲೆ ಉಳಿಯದು, ಮೇಲ್ ನೋಡುವ ಹೊತ್ತಿಗೆ ತಪ್ಪದೆ ಹಸಿರು ಮಾಡಿ.

ಈ ವಿಷಯದಲ್ಲಿ 2020ನೇ ಇಸವಿ ನಮ್ಮ ಮನೆಗಳಿಗೆ ತಪ್ಪು ಪಾಠ ಕಲಿಸಿತು ಎಂದು ನನಗನಿಸುತ್ತದೆ. ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು, ಜೂನ್‌ನಲ್ಲಿ ರಾಜ್ಯ ಸರ್ಕಾರ ಎಲ್‌ಕೆಜಿಯಿಂದ ಐದನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡವೆಂದಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಬೆಳಿಗ್ಗೆ ಹತ್ತಕ್ಕೆ ಮಗುವಿನ ಕ್ಲಾಸು, ಹತ್ತಕ್ಕೇ ಅಮ್ಮನ ಸ್ಟ್ಯಾಂಡ್‌ಅಪ್, ಹತ್ತೂಕಾಲಿಗೆ ಅಪ್ಪನ ಕಾಲ್, ಮನೆಯಲ್ಲಿ ಎರಡೇ ಸಾಧನ. ಒಂದು ಕಿವಿಯಲ್ಲಿ ಮ್ಯಾನೇಜರ್, ಇನ್ನೊಂದು ಕಿವಿಯಲ್ಲಿ ಕನ್ನಡ ಮಿಸ್ಸು ಕಾಗುಣಿತ ಹೇಳಿಸುವುದು. ಹಾಗೂ ಕೆಲಸ ನಡೆಯಿತು ಎಂಬುದನ್ನು ಕಂಪನಿಗಳೂ ಮನೆಯವರೂ ನೆನಪಿಟ್ಟುಕೊಂಡರು. ತಾಯಂದಿರು ಮಕ್ಕಳು ಮಲಗಿದ ಮೇಲೆ ರಾತ್ರಿ ಒಂದರವರೆಗೆ ಕೂತು ಹಗಲಿನ ಬಾಕಿ ತೀರಿಸಿದ್ದರಿಂದ ಅದು ನಡೆಯಿತು ಎಂಬುದು ಮರೆತುಹೋಯಿತು. ವಿಪತ್ತಿನ ವರ್ಷದಲ್ಲಿ ಮಾಡಿದ್ದನ್ನು ಮಾಮೂಲು ವರ್ಷದ ಲೆಕ್ಕಕ್ಕೆ ತರಬಾರದು.

ಕಾಲ್‌ಗೆ ಮೊದಲು ಮನೆಯಲ್ಲೊಂದು ಸುತ್ತು

ಹೆಡ್‌ಫೋನ್ ಆಯ್ಕೆಯಿಂದ ಶುರುಮಾಡುತ್ತೇನೆ. ಹೊರಗಿನ ಸದ್ದು ಅಡಗಿಸುವ, ಎರಡೂ ಕಿವಿ ಮುಚ್ಚುವ ಹೆಡ್‌ಫೋನ್ ಮಗುವಿರುವ ಮನೆಗೆ ಸಲ್ಲದು. ಬಿದ್ದ ಸದ್ದು, ಅದಕ್ಕಿಂತ ಹೆಚ್ಚಾಗಿ ಸದ್ದೇ ಇಲ್ಲದಿರುವುದು, ನಿಮಗೆ ಗೊತ್ತಾಗಬೇಕು. ಕಾಲ್ ಸೆಂಟರ್‌ಗಳಲ್ಲಿ ಬಳಸುವಂಥ ಒಂದೇ ಕಿವಿಯ, ಕಡ್ಡಿಯ ಮೈಕ್ ಇರುವ ಯುಎಸ್‌ಬಿ ಹೆಡ್‌ಸೆಟ್ ಸಾಕು. ಮೈಕ್ ಬಾಯಿಯ ಅಂಚಿನಿಂದ ಎರಡು ಬೆರಳಿನಷ್ಟು ದೂರವಿದ್ದರೆ ಕುಕ್ಕರ್ ಸೀಟಿ, ಮಿಕ್ಸಿ ಸದ್ದು ಆ ಕಡೆಗೆ ಅಷ್ಟಾಗಿ ಹೋಗುವುದಿಲ್ಲ. ಲ್ಯಾಪ್‌ಟಾಪಿನದೇ ಮೈಕ್ ಆದರೆ ಇಡೀ ಮನೆಯನ್ನು ಎಳೆದುಕೊಳ್ಳುತ್ತದೆ.

ಆಮೇಲೆ ಬಚ್ಚಲು. ನಮ್ಮ ಮನೆಗಳಲ್ಲಿ ನೀರು ತುಂಬಿದ ಬಕೆಟ್ ಇಲ್ಲದ ಬಚ್ಚಲಿಲ್ಲ. ನಡೆಯಲು ಕಲಿಯುತ್ತಿರುವ ಮಗುವಿನ ತಲೆ ಭಾರ ಜಾಸ್ತಿ, ಬಗ್ಗಿ ತಲೆಕೆಳಗಾಗಿ ಬಿದ್ದರೆ ತಾನಾಗಿ ಮೇಲೇಳಲಾರದು, ಗೇಣುದ್ದ ನೀರೂ ಅಪಾಯ, ಮುಳುಗುವಾಗ ಕೂಗುವುದೂ ಇಲ್ಲ. ಬಕೆಟ್ ಖಾಲಿ ಮಾಡಿ, ಬಚ್ಚಲಿನ ಹೊರ ಚಿಲಕ ಹಾಕಿ. ಬಾಲ್ಕನಿಯ ಕುರ್ಚಿ, ಸ್ಟೂಲು ಒಳಗಿಡಿ. ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ. ಮುಂಬಾಗಿಲಿನ ಮೇಲಿನ ಚಿಲಕ ನೋಡಿ. ಬಿಲ್ಲೆ ಸೆಲ್ (ಬಟನ್ ಸೆಲ್) ಹಾಕಿದ ಆಟಿಕೆ, ಪುಟ್ಟ ರಿಮೋಟ್, ಅಡುಗೆಯ ತಕ್ಕಡಿ ಕೈಗೆಟುಕದಿರಲಿ. ನುಂಗಿದ ಬಿಲ್ಲೆ ಸೆಲ್ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು, ಅನುಮಾನ ಬಂದ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಮೂರು ನಿಮಿಷದ ಸುತ್ತು ಇದು. ಇನ್ನೊಬ್ಬರು ನೋಡಿಕೊಳ್ಳುತ್ತಿದ್ದರೂ ಬಿಡಬೇಡಿ, ಅವರಿಗೂ ಬಾಗಿಲು ಬೆಲ್ಲು ಆಗುತ್ತದೆ, ಫೋನ್ ಬರುತ್ತದೆ.

ಕರೆಂಟು ಮತ್ತು ನೆಟ್ಟು

ರೂಟರ್‌ಗೆ ಅಂತಲೇ ಸಿಗುವ ಪುಟ್ಟ ಯುಪಿಎಸ್ ತಂದವರು ಸಾಮಾನ್ಯವಾಗಿ ಮರೆಯುವುದು ಫೈಬರ್ ಬಂದು ಸೇರುವ ಇನ್ನೊಂದು ಡಬ್ಬಿಯನ್ನು, ಅಂದರೆ ಒಎನ್‌ಟಿ. ಎರಡೂ ಬೇರೆಬೇರೆ ಇದ್ದರೆ ಎರಡಕ್ಕೂ ಕರೆಂಟು ಬೇಕು. ಅಡಾಪ್ಟರ್ ಮೇಲಿನ ಬರಹ ಓದಿ, ಹೆಚ್ಚಿನವು 12 ವೋಲ್ಟ್, ಕೆಲವು 9. ತಪ್ಪಾಗಿ ಸಿಕ್ಕಿಸಿದರೆ ಡಬ್ಬಿ ಸುಡಬಹುದು. ಯುಪಿಎಸ್ ಮೇಲೆ 8000 ಎಂಎಎಚ್ ಎಂದು ಬರೆದಿರುವುದು ಒಳಗಿನ 3.7 ವೋಲ್ಟ್ ಸೆಲ್‌ಗಳ ಲೆಕ್ಕ, ಸುಮಾರು 30 ವ್ಯಾಟ್-ಅವರ್, ವೋಲ್ಟೇಜ್ ಏರಿಸುವಾಗ ನಷ್ಟವಾಗಿ ಕೈಗೆ ಸಿಗುವುದು 25 ವ್ಯಾಟ್-ಅವರ್‌ನಷ್ಟು. ಎಂಟು ವ್ಯಾಟಿನ ರೂಟರ್ ಒಂದೇ ಆದರೆ ಮೂರು ಗಂಟೆ, ಆರು ವ್ಯಾಟಿನ ಒಎನ್‌ಟಿಯೂ ಸೇರಿದರೆ ಒಂದೂಮುಕ್ಕಾಲು. ಇಷ್ಟೆಲ್ಲ ಮಾಡಿಯೂ ಕರೆಂಟು ಹೋದ ಕೂಡಲೇ ನೆಟ್ ಹೋಗುತ್ತಿದ್ದರೆ ತೊಂದರೆ ಮನೆಯೊಳಗಿಲ್ಲ. ಕೇಬಲ್‌ನವರು ಮನೆಮನೆಗೆ ನೆಟ್ ಹಂಚುವ ಡಬ್ಬಿ, ಅಂದರೆ ಸ್ವಿಚ್, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲೋ ಪಕ್ಕದ ಕಟ್ಟಡದ ಮೇಲೋ ಇರುತ್ತದೆ, ಅದಕ್ಕೆ ಜನರೇಟರಿನ ಲೈನು ಕೊಟ್ಟಿರುವುದಿಲ್ಲ. ಅಪಾರ್ಟ್‌ಮೆಂಟ್ ಸಂಘದವರಿಗೆ ಹೇಳಿ ಒಂದು ಪ್ಲಗ್ ಪಾಯಿಂಟ್ ಬದಲಿಸಿದರೆ ಇಡೀ ಕಟ್ಟಡಕ್ಕೆ ಅನುಕೂಲ.

ಇನ್ವರ್ಟರ್ ಇರುವ ಮನೆಯಲ್ಲಿ ಒಂದು ಸಂಗತಿ ನೋಡಿ. ಬಹಳಷ್ಟು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್, ಇಕೋ ಮೋಡ್ ಎಂಬ ಸ್ವಿಚ್ಚಿದೆ. ಇಕೋದಲ್ಲಿದ್ದರೆ ಬದಲಾಗುವ ಕ್ಷಣ ಉದ್ದವಾಗಿ ರೂಟರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ಕಾಲ್ ಕಡಿಯುತ್ತದೆ. ಯುಪಿಎಸ್‌ಗೆ ತಿರುಗಿಸಿ. ನಿಗದಿತ ವಿದ್ಯುತ್ ಕಡಿತ ಸಾಮಾನ್ಯವಾಗಿ ಬೆಳಿಗ್ಗೆ 10ರಿಂದ ಸಂಜೆ 4-5ರವರೆಗೆ, ಪತ್ರಿಕೆಯಲ್ಲಿ ಹಿಂದಿನ ದಿನವೇ ಬರುತ್ತದೆ. 150 ಎಎಚ್ ಬ್ಯಾಟರಿ ಎರಡು ಫ್ಯಾನು, ಎರಡು ದೀಪ, ಒಂದು ಲ್ಯಾಪ್‌ಟಾಪ್ ಹೊತ್ತು ನಾಲ್ಕೈದು ಗಂಟೆ ನಡೆಯುತ್ತದೆ, ಒಂದು ಫ್ಯಾನು ಆರಿಸಿದರೆ ಕಡಿತದ ಹೊತ್ತು ದಾಟುತ್ತದೆ. ಫೋನಿನ ಹಾಟ್‌ಸ್ಪಾಟ್ ನೆಚ್ಚಿಕೊಳ್ಳುವವರು ನೆನಪಿಡಬೇಕಾದದ್ದು, ಗುಂಪಿನ ವಿಡಿಯೊ ಕಾಲ್ ಗಂಟೆಗೆ ಒಂದು ಜಿಬಿ ಆಸುಪಾಸು ನುಂಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಮಗು ಕಾರ್ಟೂನ್ ನೋಡಿದ ಮೇಲೆ ಎಲ್ಲಿ ಉಳಿದೀತು? ಕ್ಯಾಮೆರಾ ಮುಚ್ಚಿ ಮಾತು ಮಾತ್ರ ಇಟ್ಟುಕೊಂಡರೆ ಅದರ ಹತ್ತನೇ ಒಂದು ಭಾಗವೂ ಬೇಡ.

ಬೇರೆ ದೇಶದ ಗಡಿಯಾರ

ಅಮೆರಿಕ, ಬ್ರಿಟನ್‌ನಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ, ಚಳಿಗಾಲಕ್ಕೆ ಮತ್ತೆ ಹಿಂದೆ ಸರಿಸುತ್ತಾರೆ, ಅಲ್ಲಿನ ತಂಡಗಳ ಜೊತೆ ಕೆಲಸ ಮಾಡುವವರ ಮನೆಯ ಏರ್ಪಾಡು ಹೀಗೆ ವರ್ಷಕ್ಕೆರಡು ಸಲ ಕೆಡುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ 8ರ ಮೀಟಿಂಗ್ ಅವರ ಬೇಸಿಗೆಯಲ್ಲಿ ನಮಗೆ ರಾತ್ರಿ 8.30, ಮಗುವಿಗೆ ಊಟ ಮಾಡಿಸಿ ಮಲಗಿಸುವ ಹೊತ್ತು. ನವೆಂಬರ್ ಮೊದಲ ಭಾನುವಾರ ಅವರ ಗಡಿಯಾರ ಹಿಂದೆ ಸರಿದ ಮೇಲೆ ಅದೇ ಮೀಟಿಂಗ್ 9.30, ಮಗು ಮಲಗಿರುತ್ತದೆ. ಲಂಡನ್ನಿನ 9.30ರ ಮೀಟಿಂಗ್ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ 2, ಚಳಿಗಾಲದಲ್ಲಿ 3, ಶಾಲೆ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಡಿಕ್ಕಿ. ಮಾರ್ಚ್‌ನಲ್ಲಿ ಅಮೆರಿಕ ಎರಡನೇ ಭಾನುವಾರ ಬದಲಾದರೆ ಬ್ರಿಟನ್ ಕೊನೆಯ ಭಾನುವಾರ, ನಡುವಿನ ಎರಡು ಮೂರು ವಾರ ಎರಡೂ ಕಡೆಯವರಿರುವ ಮೀಟಿಂಗ್‌ನ ಸಮಯ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಅಜ್ಜಿ, ಆಯಾ, ಡೇಕೇರ್‌ನವರಿಗೆ ಈ ದಿನಾಂಕಗಳನ್ನು ತಿಂಗಳ ಮೊದಲೇ ಹೇಳಿ, ಅವರ ಗಡಿಯಾರ ಬದಲಾಗುವುದಿಲ್ಲವಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಇದರದೇ ಇನ್ನೊಂದು ಮುಖ: ಬೆಂಗಳೂರಿನ ತಂಡದ ಜೊತೆ ಅವರು ಮಾತಾಡುವುದು ಮಗುವಿಗೆ ಶೂ ಹಾಕಿಸುವ ಗಳಿಗೆಯಲ್ಲಿ.

ಇನ್ನೊಬ್ಬರು ಯಾರು

2005ರ ಉದ್ಯೋಗ ಖಾತ್ರಿ ಕಾನೂನಿನಲ್ಲಿ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಕೂಲಿಯವರಲ್ಲೇ ಒಬ್ಬ ಹೆಂಗಸನ್ನು ನೇಮಿಸಬೇಕು, ಆಕೆಗೂ ಕೂಲಿ ಕೊಡಬೇಕು ಎಂದು ಬರೆದಿತ್ತು. ಗುದ್ದಲಿ ಹಿಡಿದ ಕೈಯಲ್ಲಿ ಮಗು ಹಿಡಿಯಲಾಗದು, ಮಗು ನೋಡಿಕೊಳ್ಳುವುದೂ ದುಡಿಮೆಯೇ ಎಂದು ಒಪ್ಪಿಕೊಂಡ ಮಾತದು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯೂ ಹಾಗೇ ಇತ್ತು, 2025ರಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಮಾತುಗಳಿವೆ. 26 ವಾರದ ರಜೆಯ ನಂತರ, ಕೆಲಸದ ಸ್ವರೂಪ ಅದಕ್ಕೆ ಅವಕಾಶ ಕೊಟ್ಟರೆ, ಕಂಪನಿಯೂ ತಾಯಿಯೂ ಒಪ್ಪಿದ ಷರತ್ತಿನ ಮೇಲೆ ಮನೆಯಿಂದ ಕೆಲಸ ಮಾಡಬಹುದು ಎಂದು ಒಂದು ಕಡೆ. ಐವತ್ತು ಅಥವಾ ಹೆಚ್ಚು ನೌಕರರಿದ್ದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು ಎಂದು ಇನ್ನೊಂದು ಕಡೆ. ಎರಡನ್ನೂ ಬೇರೆಬೇರೆಯಾಗಿ ಕೊಟ್ಟಿದ್ದಾರೆ, ಒಂದಿದೆ ಎಂದು ಇನ್ನೊಂದನ್ನು ಕಳೆಯಲಾಗದು. ಎಚ್‌ಆರ್ ಜೊತೆ ಮಾತಾಡುವಾಗ ಎಷ್ಟು ತಿಂಗಳು, ವಾರಕ್ಕೆಷ್ಟು ದಿನ, ಯಾವ ಗಂಟೆಗಳಲ್ಲಿ ಸಿಗಬೇಕು, ಇಂಟರ್ನೆಟ್ ಖರ್ಚು ಯಾರದ್ದು ಎಂಬುದೆಲ್ಲ ಮೇಲ್‌ನಲ್ಲಿ ಬರಲಿ.

ಗಂಡ ಹೆಂಡತಿ ಇಬ್ಬರೂ ಮನೆಯಿಂದಲೇ ದುಡಿಯುವಲ್ಲಿ ಇಬ್ಬರೂ "ಅವರು ನೋಡ್ತಿದ್ದಾರೆ" ಎಂದುಕೊಂಡಿರುವ ಹತ್ತು ನಿಮಿಷಗಳೇ ಅಪಾಯದವು. ಪಾಳಿ ಬದಲಿಸುವಾಗ ಬಾಯಿಬಿಟ್ಟು ಹೇಳಿ: "ಈಗಿಂದ ನೀನು." ಆ ಕಡೆಯಿಂದ "ಹ್ಞೂಂ, ನಾನು" ಎಂದು ಉತ್ತರ ಬರುವವರೆಗೆ ಮಗು ನಿಮ್ಮದೇ. ಜೊತೆಗೆ ಎರಡು ಮಾತು: ಕೊನೆಗೆ ತಿಂದದ್ದು ಯಾವಾಗ, ಮಲಗಿದ್ದು ಯಾವಾಗ. ಅಜ್ಜಿ ತಾತ ಇರುವ ಮನೆಯಲ್ಲಿ ಅವರ ಗಂಟೆಗಳನ್ನೂ ಗೊತ್ತುಮಾಡಬೇಕು. ವರ್ಷದ ಮಗು ಒಂಬತ್ತು ಹತ್ತು ಕಿಲೋ ತೂಗುತ್ತದೆ; ಮಂಡಿ ನೋವಿರುವ ಅರವತ್ತೈದರ ಹೆಂಗಸು ಅದನ್ನು ಎಷ್ಟು ಸಲ ಎತ್ತಿ ಇಳಿಸಬೇಕು? "ಅಮ್ಮ, ಹತ್ತರಿಂದ ಹನ್ನೆರಡೂವರೆವರೆಗೆ ನೀವು ನೋಡ್ಕೊಳ್ಳಿ, ಆಮೇಲೆ ನಾಲ್ಕರವರೆಗೆ ನೀವು ಮಲಗಿ, ನಾನಿದ್ದೀನಿ" ಎಂದು ಹೇಳಿದ ಮನೆಯಲ್ಲಿ ಅವರಿಗೆ ತಮ್ಮ ಹೊತ್ತು ಉಳಿಯುತ್ತದೆ. ಹೇಳದ ಮನೆಯಲ್ಲಿ ಅವರು ಇಡೀ ದಿನ ಅರ್ಧ ಡ್ಯೂಟಿಯಲ್ಲಿರುತ್ತಾರೆ, ಬೇಡ ಅನ್ನಲೂ ಆಗದೆ.

ಜ್ವರದ ದಿನಕ್ಕೆ ಈ ಯಾವ ಲೆಕ್ಕವೂ ಹೊಂದುವುದಿಲ್ಲ. ಡೇಕೇರ್‌ನವರು ಸಾಮಾನ್ಯವಾಗಿ ಜ್ವರ ಬಿಟ್ಟು ಪೂರ್ತಿ ಒಂದು ದಿನ ಕಳೆಯುವವರೆಗೆ ಮಗುವನ್ನು ಸೇರಿಸಿಕೊಳ್ಳುವುದಿಲ್ಲ, ಅಜ್ಜಿಗೂ ಅಂಟುವ ಭಯ. ಅಂಥ ದಿನ ರಜೆ ಹಾಕಿ, ಕೊನೆಗೆ ಅರ್ಧ ದಿನವಾದರೂ. ರಜೆ ಉಳಿಸಲು ಲಾಗಿನ್ ಮಾಡಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಏಳಲಾಗದ ಕೆಲಸವೂ ಹಾಳು, ಆರೈಕೆಯೂ ಅರೆಬರೆ. ಅಂದಿನ ಏಳಲಾಗದ ಕೆಲಸಗಳನ್ನು ಯಾರಿಗೆ ಒಪ್ಪಿಸಬೇಕು ಎಂಬ ಪಟ್ಟಿ ಮೊದಲೇ ಇರಲಿ, ಪ್ರತಿ ಕೆಲಸಕ್ಕೂ ಒಂದು ಹೆಸರು, ಅವರ ಒಪ್ಪಿಗೆ ಪಡೆದದ್ದು, ಅವರ ಮಗುವಿಗೆ ಜ್ವರ ಬಂದಾಗ ನೀವು ಅವರದನ್ನು ಮಾಡಿಕೊಡುವ ಕರಾರಿನ ಮೇಲೆ. ಬೆಳಿಗ್ಗೆ ಏಳಕ್ಕೆ ಥರ್ಮಾಮೀಟರ್ ನೋಡಿ, ಏಳೂಕಾಲಿಗೆ ಸಂದೇಶ ಕಳಿಸಿ.